ಸೂಜಿ ಚಿಕಿತ್ಸೆಯಿಂದ ಕಿಡ್ನಿಯ ಕಲ್ಲು ಕರಗುತ್ತದೆಯೇ?

ಪ್ರಶ್ನೆ: ನಮ್ಮದು ಕಾರವಾರ. ಯಜಮಾನರಿಗೆ 41 ವರ್ಷ. ಬೈತಖೋಲ ಬಂದರಿನಿಂದ ಹೋಗುವ ಟ್ರಾಲರ್ ಬೋಟಿನಲ್ಲಿ ತಾಂಡೇಲರಾಗಿದ್ದಾರೆ, ಅಂದರೆ ಬೋಟ್ ನಡೆಸುವವರು. ಏಪ್ರಿಲ್ ಮೂರನೆಯ ವಾರ ಸಮುದ್ರದಲ್ಲಿದ್ದಾಗಲೇ ಎಡ ಪಕ್ಕೆಯಲ್ಲಿ ವಿಪರೀತ ನೋವು ಬಂದು ಬೋಟನ್ನು ತಿರುಗಿಸಿ ತರಬೇಕಾಯಿತು. ಸಿ.ಟಿ. ಸ್ಕ್ಯಾನ್‌ನಲ್ಲಿ ಎಡ ಮೂತ್ರನಾಳದ ಕೆಳತುದಿಯಲ್ಲಿ 7 ಮಿ.ಮೀ. ಕಲ್ಲು, ಎಡ ಕಿಡ್ನಿ ಸ್ವಲ್ಪ ಊದಿದೆ, ಬಲ ಕಿಡ್ನಿಯೊಳಗೆ 4 ಮಿ.ಮೀ. ಕಲ್ಲು ಎಂದು ಬಂದಿದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಮತ್ತು ಟ್ಯಾಮ್ಸುಲೋಸಿನ್ ಬರೆದುಕೊಟ್ಟು, ನಾಲ್ಕು ವಾರ ಬಿಟ್ಟು ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಈಗ ನೋವು ಕಡಿಮೆಯಾಗಿದೆ. ಶಿರಸಿ ಕಡೆಯ ನೆಂಟರೊಬ್ಬರು, ಆಕ್ಯುಪಂಕ್ಚರ್ ಮಾಡಿಸಿದರೆ ಹತ್ತು ಸಲಕ್ಕೆ ಕಲ್ಲು ಕರಗುತ್ತದೆ, ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಎನ್ನುತ್ತಾರೆ. ನನ್ನ ನಾದಿನಿಗೂ ಹಾಗೆಯೇ ಕರಗಿತಂತೆ. ಜೂನ್ 1ಕ್ಕೆ ಹೇಗೂ ಮೀನುಗಾರಿಕೆ ನಿಲ್ಲುತ್ತದೆ, ಅಲ್ಲಿಯವರೆಗೆ ಸೂಜಿ ಹಾಕಿಸಿಕೊಂಡು ಬೋಟಿಗೆ ಹೋಗುತ್ತೇನೆ ಎಂದು ಯಜಮಾನರು ಹಟ ಮಾಡುತ್ತಿದ್ದಾರೆ. ಬಾಳೆದಿಂಡಿನ ರಸ, ಕಾಡುಬಸಳೆ, ಬಿಯರ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಲು ಬಿಡಬೇಕು ಎಂದೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಂಗೀ, ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಆಕ್ಯುಪಂಕ್ಚರ್ ಸೂಜಿಗೆ ಕಲ್ಲಿನ ನೋವು ಇಳಿಯಬಹುದು, ಅದಕ್ಕೆ ಆಧಾರವಿದೆ. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಅದು ಕರಗಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹಾಗಾಗಿ ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ, ಸ್ಕ್ಯಾನ್ ದಿನವನ್ನು ತಪ್ಪಿಸಬೇಡಿ, ಯಜಮಾನರನ್ನು ಸದ್ಯಕ್ಕೆ ಬೋಟ್ ಹತ್ತಲು ಬಿಡಬೇಡಿ. ಇಷ್ಟನ್ನೂ ಪಾಲಿಸಿಕೊಂಡು ಸೂಜಿ ಹಾಕಿಸಿಕೊಳ್ಳುತ್ತೇನೆ ಎಂದರೆ ನನ್ನ ಅಡ್ಡಿ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು 7 ಮಿ.ಮೀ. ಎಂಬ ಅಳತೆಯಲ್ಲ. "ಈಗ ನೋವು ಕಡಿಮೆಯಾಗಿದೆ" ಎಂಬ ಸಾಲು. ಅದನ್ನು ನೀವು ಸಮಾಧಾನದಿಂದ ಬರೆದಿದ್ದೀರಿ. ನಾನು ಅದನ್ನು ಹಾಗೆ ಓದಲಾರೆ.

ಕಲ್ಲು ಮೂತ್ರನಾಳವನ್ನು ಗೀರುತ್ತಾ ಇಳಿಯುವುದರಿಂದ ನೋವು ಬರುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಮೂತ್ರನಾಳ ಸುಮಾರು 25 ಸೆಂ.ಮೀ. ಉದ್ದ, ಒಳಗಿನ ಅಗಲ ಮೂರು ನಾಲ್ಕು ಮಿ.ಮೀ. ಮಾತ್ರ. ಅದು ಕಿಡ್ನಿಯಿಂದ ಹೊರಡುವ ಜಾಗ, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವ ಜಾಗ, ಮೂತ್ರಚೀಲದ ಗೋಡೆಯೊಳಗೆ ನುಗ್ಗುವ ಜಾಗ, ಈ ಮೂರರಲ್ಲಿ ಇನ್ನೂ ಕಿರಿದು. ನಿಮ್ಮ ಯಜಮಾನರ ಕಲ್ಲು ನಿಂತಿರುವುದು ಕೊನೆಯ ಕಟ್ಟಿನ ಹತ್ತಿರ. ಕಲ್ಲು ಅಡ್ಡ ನಿಂತಾಗ ಮೇಲಿನಿಂದ ಬರುವ ಮೂತ್ರ ಹಿಂದೆ ನಿಲ್ಲುತ್ತದೆ, ಕಿಡ್ನಿಯ ಹೊರಪೊರೆ ಬಿಗಿಯುತ್ತದೆ, ನಾಳ ಹಿಂಡಿಕೊಳ್ಳುತ್ತದೆ. ಒತ್ತಡದ ನೋವು ಅದು. ಮಗ್ಗುಲು ಬದಲಿಸಿದರೂ, ಬೋರಲು ಮಲಗಿದರೂ, ಎದ್ದು ಓಡಾಡಿದರೂ ಇಳಿಯದು. ಹೊಟ್ಟೆಯ ಬೇರೆ ಕಾಯಿಲೆಯವರು ಅಲುಗಾಡದೆ ಮಲಗುತ್ತಾರೆ, ಕಲ್ಲಿನವರು ನೆಲದ ಮೇಲೆ ಹೊರಳಾಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ನೋಡಿದ ಕೂಡಲೇ ನಮಗೆ ಅರ್ಧ ರೋಗ ಗೊತ್ತಾಗುವುದು ಅದರಿಂದಲೇ.

ಒತ್ತಡದ ನೋವು ಎರಡು ರೀತಿಯಲ್ಲಿ ನಿಲ್ಲುತ್ತದೆ. ಕಲ್ಲು ಜಾರಿ ಮೂತ್ರಚೀಲಕ್ಕೆ ಬಿದ್ದರೆ ನಿಲ್ಲುತ್ತದೆ. ಕಲ್ಲು ಅಲ್ಲೇ ಇದ್ದು, ಕಿಡ್ನಿ ದಣಿದು ಮೂತ್ರ ಸೋಸುವುದನ್ನು ಕಡಿಮೆ ಮಾಡಿದರೂ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ರೋಗಿ ನಗುತ್ತಾ ಊಟ ಮಾಡುತ್ತಾನೆ, ಮನೆಯವರು ದೇವರಿಗೆ ಕಾಯಿ ಒಡೆಯುತ್ತಾರೆ.

ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆಯೇ ಬಂದಿದ್ದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುಂಚೆ ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿ ಇರಬೇಕಾದಲ್ಲಿ ನೀರು ತುಂಬಿದ ಚೀಲ ಕಂಡಿತು. ಸುತ್ತಲಿನ ತಿರುಳು ಕಾಗದದಷ್ಟು ತೆಳ್ಳಗಾಗಿತ್ತು. ಕೆಳಗೆ ಮೂತ್ರನಾಳದಲ್ಲಿ 9 ಮಿ.ಮೀ. ಕಲ್ಲು ಹಾಗೆಯೇ ಕೂತಿತ್ತು. ನೋವು ಬಂದಿರಲಿಲ್ಲವೇ ಎಂದು ಕೇಳಿದೆ. ಒಂದೂವರೆ ವರ್ಷದ ಹಿಂದೆ ಮೂರು ದಿನ ಬಂದಿತ್ತು, ಸೂಜಿ ಚಿಕಿತ್ಸೆ ಮಾಡಿಸಿದೆ, ಹೋಯಿತು, ಆಮೇಲೆ ಒಂದು ದಿನವೂ ಬಂದಿಲ್ಲ ಎಂದರು. ಬಹಳ ಖಚಿತವಾಗಿ, ಆ ಚಿಕಿತ್ಸೆಯ ಬಗ್ಗೆ ಮೆಚ್ಚುಗೆಯಿಂದಲೇ ಹೇಳಿದರು. ಆ ಕಿಡ್ನಿಯನ್ನು ತೆಗೆಯಬೇಕಾಯಿತು. ತಪ್ಪು ಸೂಜಿಯದು ಎಂದು ನಾನು ಹೇಳುವುದಿಲ್ಲ. ಡೈಕ್ಲೋಫಿನಾಕ್ ಎಂಬ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮರಳಿ ಬಾರದೆ ಇದೇ ಗತಿಗೆ ಬಂದವರನ್ನೂ ನೋಡಿದ್ದೇನೆ. ನೋವು ಹೋದ ಮೇಲೂ ಒಂದು ಸ್ಕ್ಯಾನ್ ಬೇಕು ಎಂದು ಅವರಿಗೆ ಯಾರೂ ಒತ್ತಿ ಹೇಳಿರಲಿಲ್ಲ. ಅದಕ್ಕೇ ನಿಮಗೆ ಒತ್ತಿ ಹೇಳುತ್ತಿದ್ದೇನೆ.

ಈಗ ಆಕ್ಯುಪಂಕ್ಚರ್ ವಿಷಯ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ದೇಶಕ್ಕೂ ಅದಕ್ಕೂ ಹಳೆಯ ನಂಟಿದೆ. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಇದ್ದರು. ಅವರು ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕೋಲ್ಕತ್ತಾಕ್ಕೆ ತಂದರು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಇದನ್ನು ಚಿಕಿತ್ಸೆಯ ಒಂದು ವಿಧಾನ ಎಂದು ಒಪ್ಪಿಕೊಂಡಿತು.

ಕಲ್ಲಿನ ನೋವಿನ ಬಗ್ಗೆ ನನಗೆ ಹೆಚ್ಚು ಮನವರಿಕೆಯಾದ ಅಧ್ಯಯನ 2022ರಲ್ಲಿ ಪ್ರಕಟವಾದದ್ದು. ಬೀಜಿಂಗ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕಲ್ಲಿನ ನೋವಿನಿಂದ ಬಂದ 80 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎಲ್ಲರಿಗೂ ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಟ್ಟರು. ಜೊತೆಗೆ 40 ಜನರಿಗೆ ನಿಜವಾದ ಆಕ್ಯುಪಂಕ್ಚರ್, ಉಳಿದ 40 ಜನರಿಗೆ ತೋರಿಕೆಯ ಸೂಜಿ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನೋವು ಅರ್ಧಕ್ಕಿಂತ ಕೆಳಗೆ ಇಳಿದದ್ದು ಮೊದಲ ಗುಂಪಿನಲ್ಲಿ 31 ಜನರಿಗೆ, ಎರಡನೆಯ ಗುಂಪಿನಲ್ಲಿ 4 ಜನರಿಗೆ. ಇಂಜೆಕ್ಷನ್ ಕೆಲಸ ಶುರು ಮಾಡಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಸೂಜಿ ತುಂಬಿಕೊಟ್ಟಿತು ಎಂದು ನಾನು ಓದಿಕೊಳ್ಳುತ್ತೇನೆ. ಹೊರಳಾಡುವವನಿಗೆ ಹತ್ತು ನಿಮಿಷ ಸಣ್ಣದಲ್ಲ. ಚುಚ್ಚಿದಾಗ ದೇಹ ತನ್ನದೇ ನೋವುನಿವಾರಕವಾದ ಎಂಡಾರ್ಫಿನ್ ಬಿಡುತ್ತದೆ ಎನ್ನುವುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. 80 ಜನ ಎನ್ನುವುದು ಚಿಕ್ಕ ಸಂಖ್ಯೆ. ಸೂಜಿ ಹಾಕುವವರಿಗೆ ಯಾವುದು ನಿಜ, ಯಾವುದು ತೋರಿಕೆ ಎಂದು ತಿಳಿದಿರುತ್ತದೆ ಎಂಬುದನ್ನೂ ಮರೆಯಬಾರದು.

ಆ ಪ್ರಯೋಗದಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಯಾರಿಗೂ ಇಂಜೆಕ್ಷನ್ ತಪ್ಪಿಸಲಿಲ್ಲ. ಸೂಜಿ ಮದ್ದಿನ ಜೊತೆಗೆ ಬಂತು, ಮದ್ದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರಲಿಲ್ಲ. ಅಳೆದದ್ದು ನೋವನ್ನು, ಕಲ್ಲನ್ನು ಅಲ್ಲ. 1971ರಲ್ಲಿ ಆಕ್ಯುಪಂಕ್ಚರ್ ಅಮೆರಿಕದಲ್ಲಿ ಮನೆಮಾತಾದದ್ದೂ ಇಂಥದ್ದೇ ಸಂದರ್ಭದಿಂದ. ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತನಿಗೆ ಬೀಜಿಂಗ್‌ನಲ್ಲಿ ಅಪೆಂಡಿಸೈಟಿಸ್ ಆಯಿತು. ಚೀನಾದ ವೈದ್ಯರು ಅಪೆಂಡಿಕ್ಸನ್ನು ಎಲ್ಲರಂತೆ ಅರಿವಳಿಕೆ ಕೊಟ್ಟು ಕತ್ತರಿಸಿಯೇ ತೆಗೆದರು. ಆಮೇಲೆ ಹೊಟ್ಟೆ ಉಬ್ಬರಿಸಿ ನೋವಾದಾಗ ಸೂಜಿ ಹಾಕಿದರು. ಸೂಜಿಯ ತವರಿನಲ್ಲೇ ಯಾವುದಕ್ಕೆ ಕತ್ತಿ, ಯಾವುದಕ್ಕೆ ಸೂಜಿ ಎಂಬ ವಿವೇಕ ಇತ್ತು.

ಇನ್ನೊಂದು ಕಾಗದವನ್ನು ನಿಮ್ಮ ಮುಂದೆ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಎರಡು ದಶಕಗಳ ಹಿಂದೆ ಪ್ರಕಟಿಸಿದ ವರದಿಯಲ್ಲಿ ಆಕ್ಯುಪಂಕ್ಚರ್‌ಗೆ ಸ್ಪಂದಿಸುವ ತೊಂದರೆಗಳ ಪಟ್ಟಿ ಇದೆ, ಕಿಡ್ನಿ ಕಲ್ಲಿನ ನೋವು ಅದರಲ್ಲಿದೆ. ಕಲ್ಲಿನ ರೋಗ ಎಂಬುದು ಬೇರೆ ಪಟ್ಟಿಯಲ್ಲಿದೆ, ಇನ್ನೂ ಪುರಾವೆ ಬೇಕು ಎಂಬ ಷರಾದೊಂದಿಗೆ. ತೋರಿಸುವವರು ಮೊದಲ ಪಟ್ಟಿಯನ್ನು ಮಾತ್ರ ತೋರಿಸುತ್ತಾರೆ.

ನಿಮ್ಮ ನಾದಿನಿಯವರ ಕಲ್ಲು ಹೋದದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಎಷ್ಟು ದೊಡ್ಡದಿತ್ತು, ಎಲ್ಲಿತ್ತು ಎಂದು ಹಳೆಯ ರಿಪೋರ್ಟ್ ತೆಗೆದು ನೋಡಿ. ಮೂತ್ರನಾಳದಲ್ಲಿರುವ 5 ಮಿ.ಮೀ.ಗಿಂತ ಸಣ್ಣ ಕಲ್ಲುಗಳಲ್ಲಿ ಮೂರರಲ್ಲಿ ಎರಡು ಪಾಲು ಏನೂ ಮಾಡದಿದ್ದರೂ ತಾವಾಗಿ ಬೀಳುತ್ತವೆ. 5ರಿಂದ 10 ಮಿ.ಮೀ. ನಡುವಿನವು ಹೆಚ್ಚು ಕಡಿಮೆ ಅರ್ಧದಷ್ಟು ಬೀಳುತ್ತವೆ. ಆ ವಾರ ಯಾರು ಏನು ಕೊಟ್ಟಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ನಮ್ಮ ಟ್ಯಾಮ್ಸುಲೋಸಿನ್ ಮಾತ್ರೆಗೂ ಈ ಮಾತು ಅನ್ವಯಿಸುತ್ತದೆ. ಅದು ನಾಳದ ಕೆಳಭಾಗವನ್ನು ಸಡಿಲಿಸುವ ಮದ್ದು. 2015ರಲ್ಲಿ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಆದರೆ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ನಾಳದ ಕೆಳತುದಿಯಲ್ಲಿರುವ 5 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಸಹಾಯವಿದೆ ಎಂದು ಕಂಡಿತು. ನಿಮ್ಮ ಯಜಮಾನರ ಕಲ್ಲು ಸರಿಯಾಗಿ ಅಂಥದ್ದು. ಅದಕ್ಕೇ ಆ ಮಾತ್ರೆ ಬರೆದಿದ್ದಾರೆ, ಅದಕ್ಕೇ ನಾನು ನಿಲ್ಲಿಸಬೇಡಿ ಎನ್ನುವುದು. ರಾತ್ರಿ ಊಟವಾದ ಮೇಲೆ ತೆಗೆದುಕೊಂಡು ಮಲಗಲಿ. ಈ ಮಾತ್ರೆಗೆ ಕೆಲವರಿಗೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ.

ಬೋಟ್ ಬೇಡ ಎನ್ನಲು ನನ್ನ ಒಂದು ಕಾರಣ ಇದೇ. ತೇವದ ಹಲಗೆಯ ಮೇಲೆ, ಬಲೆ ಎಳೆಯುವಾಗ, ತಲೆ ತಿರುಗಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಕಲ್ಲು ಕಟ್ಟಿದ ಕಿಡ್ನಿಯಲ್ಲಿ ನಿಂತ ಮೂತ್ರಕ್ಕೆ ಸೋಂಕು ತಗುಲಿದರೆ ನಂಜು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಏರುತ್ತದೆ. ಆಗ ಬೇಕಾಗುವುದು ಆ್ಯಂಟಿಬಯಾಟಿಕ್ ಮತ್ತು ಕೂಡಲೇ ಮೂತ್ರಕ್ಕೆ ದಾರಿ ಮಾಡಿಕೊಡುವುದು: ಒಳಗಿನಿಂದ ಸ್ಟೆಂಟ್ ಎಂಬ ಸಣ್ಣ ನಳಿಕೆ ಹಾಕಿ, ಇಲ್ಲವೇ ಬೆನ್ನಿನಿಂದ ನಳಿಕೆ ಇಳಿಸಿ. ದಡದಿಂದ ಒಂದು ರಾತ್ರಿಯ ದೂರದಲ್ಲಿರುವ ಬೋಟಿನಲ್ಲಿ ಅದು ಆಗದ ಕೆಲಸ. ಹೋದ ಸಲ ಬರೀ ನೋವು ಬಂದಿತ್ತು, ಬೋಟ್ ತಿರುಗಿಸಿದರು, ಬಂದು ಮುಟ್ಟಿದರು.

ಈ ಮಾತುಗಳನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ಚಳಿ ನಡುಗಿ ಜ್ವರ ಬಂದರೆ, ಮೂತ್ರ ನಿಂತುಹೋದರೆ ಅಥವಾ ತೀರಾ ಕಡಿಮೆಯಾದರೆ, ನೀರೂ ನಿಲ್ಲದಂತೆ ವಾಂತಿಯಾದರೆ, ಮಾತ್ರೆಗೆ ನೋವು ಬಗ್ಗದಿದ್ದರೆ, ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗುವ ಹೊತ್ತು. ಆಗ ಸೂಜಿ ಚಿಕಿತ್ಸೆಗೆಂದು ದೇವಿಮನೆ ಘಟ್ಟ ಹತ್ತಬಾರದು. ಬಸುರಿಯರು ಮತ್ತು ಒಂದೇ ಕಿಡ್ನಿ ಇರುವವರು ಕಲ್ಲಿನ ನೋವು ಶುರುವಾದ ದಿನವೇ ಹೋಗಬೇಕು.

ಯಾವ ಆಸ್ಪತ್ರೆ ಎಂಬುದನ್ನು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ಮೂತ್ರರೋಗದ ಶಸ್ತ್ರತಜ್ಞರು ರಾತ್ರಿ ಸಿಗುತ್ತಾರೆಯೇ, ದುರ್ಬೀನಿನಿಂದ ಸ್ಟೆಂಟ್ ಹಾಕುವ ವ್ಯವಸ್ಥೆ ಇದೆಯೇ ಎಂದು ಫೋನ್ ಮಾಡಿ ಕೇಳಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಗೋವಾ, ಹುಬ್ಬಳ್ಳಿ, ಮಣಿಪಾಲ ಎಂದು ಓಡಬೇಕಾದ ಸ್ಥಿತಿ ಇನ್ನೂ ಹೋಗಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಮಳೆಗಾಲದಲ್ಲಿ ಈ ಓಟ ಇನ್ನೂ ಕಷ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಸಿಕ್ಕಿಕೊಂಡ ಕಲ್ಲನ್ನು ಇಟ್ಟುಕೊಂಡು ಜೂನ್ ತಿಂಗಳೊಳಗೆ ಕಾಲಿಡುವುದು ಬೇಡ ಎಂದು ನಾನು ಹೇಳುವುದು ಇದರಿಂದಲೂ ಹೌದು.

ಲೆಕ್ಕ ಹಾಕಿ ನೋಡಿ, ನಿಮ್ಮ ಕ್ಯಾಲೆಂಡರ್ ಅಷ್ಟು ಕೆಟ್ಟದಾಗಿಲ್ಲ. ನಾಲ್ಕು ವಾರ ಮುಗಿಯುವುದು ಮೇ 20ರ ಆಸುಪಾಸಿಗೆ. ಆ ಸ್ಕ್ಯಾನ್‌ನಲ್ಲಿ ಕಲ್ಲು ಹೋಗಿ ಊತ ಇಳಿದಿದ್ದರೆ ಅಲ್ಲಿಗೆ ಮುಗಿಯಿತು. ಕಲ್ಲು ಅಲ್ಲೇ ಇದ್ದರೆ ಮೇ ಕೊನೆಯ ವಾರದಲ್ಲಿ ತೆಗೆಸಿಬಿಡಿ. ಅದಕ್ಕಿಂತ ಮುಂದೆ ತಳ್ಳಬೇಡಿ. ಕಟ್ಟಿಕೊಂಡ ಕಿಡ್ನಿಯನ್ನು ಆರು ವಾರಕ್ಕಿಂತ ಹೆಚ್ಚು ಹಾಗೆಯೇ ಬಿಟ್ಟರೆ ಕಳೆದುಕೊಂಡ ಶಕ್ತಿ ಪೂರ್ತಿ ಮರಳುವ ಭರವಸೆ ಇರುವುದಿಲ್ಲ. ಕೆಳತುದಿಯ ಕಲ್ಲಿಗೆ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ್ವಾರದಿಂದಲೇ ಸಣ್ಣ ದುರ್ಬೀನು ತೂರಿಸಿ, ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡಿ ತೆಗೆಯುತ್ತಾರೆ. ಸಾಮಾನ್ಯವಾಗಿ ಮರುದಿನ ಮನೆಗೆ ಕಳುಹಿಸುತ್ತಾರೆ. ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯುವ ಯಂತ್ರವೂ ಇದೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಬಳಸಿದ ವಿಧಾನ ಅದು. ಪುಡಿಯಾದ ಚೂರುಗಳು ಆಮೇಲೆ ತಾವಾಗಿ ಬೀಳಬೇಕು. ಕೆಳತುದಿಯ ಕಲ್ಲಿಗೆ ನಾನಾದರೆ ದುರ್ಬೀನನ್ನೇ ಆರಿಸುತ್ತೇನೆ, ಒಂದೇ ಸಲಕ್ಕೆ ಮುಗಿಯುವ ಸಾಧ್ಯತೆ ಹೆಚ್ಚು. ಬಲಗಡೆಯ 4 ಮಿ.ಮೀ. ಕಲ್ಲು ಕಿಡ್ನಿಯೊಳಗೆ ಸುಮ್ಮನೆ ಕೂತಿದೆ. ಅದನ್ನು ಈಗ ಮುಟ್ಟುವುದು ಬೇಡ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಕಾರ್ಡಿನಲ್ಲಿ ಈ ಚಿಕಿತ್ಸೆ ಸೇರುತ್ತದೆಯೇ ಎಂದು ದಾಖಲಾಗುವ ಮುಂಚೆಯೇ ಕೇಳಿ.

ಶಸ್ತ್ರಚಿಕಿತ್ಸೆಯ ನಂತರ ಒಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ನಳಿಕೆ ಬಿಟ್ಟಿದ್ದರೆ, ಅದನ್ನು ಎರಡು ಮೂರು ವಾರಕ್ಕೆ ಹೋಗಿ ತೆಗೆಸಲೇಬೇಕು. ಮೀನುಗಾರರ ವಿಷಯದಲ್ಲಿ ನನಗೆ ಇದೊಂದು ದೊಡ್ಡ ಚಿಂತೆ. ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ, ಆಗಸ್ಟ್ 1ಕ್ಕೆ ಬೋಟ್ ಹೊರಡುತ್ತದೆ, ಸ್ಟೆಂಟ್ ಒಳಗೇ ಉಳಿಯುತ್ತದೆ. ತಿಂಗಳುಗಳು ಕಳೆದರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ. ಆಗ ತೆಗೆಯುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಕಷ್ಟ. ಮೇ ಕೊನೆಗೆ ಕಲ್ಲು ತೆಗೆಸಿದರೆ ಜೂನ್ ಮಧ್ಯಕ್ಕೆ ಸ್ಟೆಂಟ್ ಹೊರಗೆ, ಮುಂದೆ ಒಂದೂವರೆ ತಿಂಗಳು ವಿಶ್ರಾಂತಿ, ಆಗಸ್ಟ್‌ನಲ್ಲಿ ನಿಶ್ಚಿಂತೆಯಿಂದ ಬೋಟ್. ಈ ಮೇ ತಿಂಗಳ ಪಾಲು ಕೈತಪ್ಪುತ್ತದೆ, ನಿಜ. ಅದು ನಿಮ್ಮ ಮನೆಗೆ ಸಣ್ಣ ಪೆಟ್ಟಲ್ಲ ಎಂದು ನನಗೆ ಗೊತ್ತು. ಆದರೂ ಯಜಮಾನರಿಗೆ ಇದನ್ನು ಓದಿ ಹೇಳಿ.

ನಾಲ್ಕು ವಾರದ ನಡುವೆ ನೋವು ಬಂದರೆ ಬರೆದುಕೊಟ್ಟ ಮಾತ್ರೆಯನ್ನೇ, ಹೇಳಿದಷ್ಟೇ ಕೊಡಿ. ಔಷಧ ಅಂಗಡಿಯಿಂದ ಡೈಕ್ಲೋಫಿನಾಕ್ ಪಟ್ಟಿ ತಂದು ದಿನಕ್ಕೆ ನಾಲ್ಕೈದು ನುಂಗುವವರಿದ್ದಾರೆ. ಕಲ್ಲಿನ ನೋವಿಗೆ ಅದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಆದರೆ ಮೈಯಲ್ಲಿ ನೀರಿಲ್ಲದಾಗ, ಹೊಟ್ಟೆಹುಣ್ಣು ಇದ್ದಾಗ, ಕಿಡ್ನಿ ಮೊದಲೇ ದುರ್ಬಲವಾಗಿದ್ದಾಗ ಅದೇ ಮದ್ದು ಕಿಡ್ನಿಯನ್ನೂ ಹೊಟ್ಟೆಯನ್ನೂ ಕೆಡಿಸುತ್ತದೆ. ನೋವು ಏರಿದಾಗ ಕಲ್ಲು ಹೊರದೂಡಲೆಂದು ಚೆಂಬುಗಟ್ಟಲೆ ನೀರು ಕುಡಿಸಬೇಡಿ. ಮುಚ್ಚಿದ ನಾಳದ ಮೇಲೆ ಒತ್ತಡ ಹೆಚ್ಚುತ್ತದೆ, ವಾಂತಿಯಾಗುತ್ತದೆ, ಕಲ್ಲು ಅಲುಗುವುದಿಲ್ಲ. ಬಾಯಾರಿಕೆಗೆ ತಕ್ಕಷ್ಟು ಸಾಕು. ಪಕ್ಕೆಗೆ ಬಿಸಿನೀರಿನ ಚೀಲ ಇಟ್ಟರೆ ಹಿತವಾಗುತ್ತದೆ.

ಈ ಹೊತ್ತಿನಲ್ಲಿ ಆಕ್ಯುಪಂಕ್ಚರ್ ಬೇಕೆಂದರೆ, ವೈದ್ಯ ನೋಂದಣಿ ಇರುವವರ, ಇಲ್ಲವೇ ಸರಿಯಾದ ತರಬೇತಿ ಪಡೆದವರ ಹತ್ತಿರ ಹೋಗಿ. ಸ್ಕ್ಯಾನ್ ರಿಪೋರ್ಟನ್ನು ಅವರ ಕೈಗೆ ಕೊಡಿ. ಅದನ್ನು ಓದದೆ ಪಕ್ಕಕ್ಕಿಟ್ಟರೆ ನೀವೂ ಎದ್ದು ಬನ್ನಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು, ಒಬ್ಬರಿಗೆ ಬಳಸಿದ್ದು ಅಲ್ಲಿಗೇ ಬಿಸಾಕಬೇಕು. ಹೆಪಟೈಟಿಸ್ ಬಿ ಇಂಥ ಉಳಿತಾಯದಿಂದಲೇ ಹರಡುತ್ತದೆ. ಕೂದಲೆಳೆಯಂತಹ ಸೂಜಿ, ಇಂಜೆಕ್ಷನ್ನಿನಂತೆ ಅದರಲ್ಲಿ ಮದ್ದಿರುವುದಿಲ್ಲ. ಬೀಜಿಂಗ್‌ನ ಪ್ರಯೋಗದಲ್ಲಿ ಹಾಕಿದ್ದು ಅಂಗೈಯ ಹಿಂಭಾಗಕ್ಕೆ. ಊದಿದ ಕಿಡ್ನಿ ಇರುವ ಪಕ್ಕೆಗೆ ಆಳವಾಗಿ ಚುಚ್ಚಲು ಬಿಡಬೇಡಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಮತ್ತು ಯಾರೇ ಆಗಲಿ, ನಿಮ್ಮ ಆಸ್ಪತ್ರೆಯ ಮಾತ್ರೆ ಬಿಸಾಡಿ, ಸ್ಕ್ಯಾನ್ ಬೇಡ ಎಂದರೆ, ಅಲ್ಲಿಗೆ ಮತ್ತೆ ಹೋಗಬೇಡಿ.

ಕರಗುವ ಕಲ್ಲು ಇಲ್ಲವೇ ಇಲ್ಲ ಎಂದಲ್ಲ. ಯೂರಿಕ್ ಆ್ಯಸಿಡ್ ಕಲ್ಲು ಪೊಟ್ಯಾಸಿಯಂ ಸಿಟ್ರೇಟ್ ಮದ್ದಿಗೆ ಕರಗುತ್ತದೆ, ಮೂತ್ರದ ಹುಳಿ ಇಳಿದರೆ ಅದು ತಾನೇ ಸವೆಯುತ್ತದೆ. ಆದರೆ ನಮ್ಮಲ್ಲಿ ಕಾಣುವ ಬಹುಪಾಲು ಕಲ್ಲು ಕ್ಯಾಲ್ಸಿಯಂ ಆಕ್ಸಲೇಟಿನದು, ಅದನ್ನು ಕರಗಿಸುವ ಮದ್ದು ಯಾವ ಪದ್ಧತಿಯಲ್ಲೂ ಸಿಕ್ಕಿಲ್ಲ. ನಿಮ್ಮವರದು ಯಾವುದೆಂದು ತಿಳಿಯಬೇಕಾದರೆ ಕಲ್ಲು ಕೈಗೆ ಸಿಗಬೇಕು. ಇಂದಿನಿಂದ ಅವರು ಒಂದು ಹಳೆಯ ತಂಬಿಗೆಯಲ್ಲಿ ಮೂತ್ರ ಮಾಡಲಿ, ಅದನ್ನು ಚಹಾ ಸೋಸುವ ಜರಡಿಯಿಂದ ಸೋಸಿ. ಬಿದ್ದರೆ ಕಂದು ಬಣ್ಣದ, ನೆಗ್ಗಿಲು ಮುಳ್ಳಿನಂತೆ ಮೊನೆಮೊನೆಯಾದ ಹರಳೊಂದು ಜರಡಿಯಲ್ಲಿ ಟಿಕ್ ಎನ್ನುತ್ತದೆ. ತೊಳೆದು, ಬಿಳಿ ಕಾಗದದ ಮೇಲೆ ಒಣಗಿಸಿ, ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ತನ್ನಿ. ಪ್ರಯೋಗಾಲಯದಲ್ಲಿ ಅದರ ಪರೀಕ್ಷೆ ಆಗುತ್ತದೆ. ಇಷ್ಟು ನೋವು ತಿಂದು ಬಂದ ಕಲ್ಲನ್ನು ಜನ ಸುಮ್ಮನೆ ಎಸೆದುಬಿಡುವುದು ನನಗೆ ಯಾವಾಗಲೂ ಸಂಕಟದ ವಿಷಯ. ಮುಂದಿನ ಕಲ್ಲನ್ನು ತಡೆಯುವ ದಾರಿ ಅದರಲ್ಲೇ ಬರೆದಿರುತ್ತದೆ.

ಮನೆಮದ್ದಿನ ವಿಷಯಕ್ಕೆ ಬರುತ್ತೇನೆ. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಊಟಕ್ಕೆ ಒಳ್ಳೆಯವು, ತಿನ್ನಲಿ. ಕಲ್ಲು ಕರಗಿಸುತ್ತವೆ ಎಂದು ನಂಬಿ ದಿನ ದೂಡಬೇಡಿ. ಕಾಡುಬಸಳೆಗೂ ಇದೇ ಮಾತು. ಬಿಯರ್ ಬೇಡವೇ ಬೇಡ. ಒಂದು ಗಂಟೆ ಮೂತ್ರ ಹೆಚ್ಚು ಹೋಗುತ್ತದೆ, ಆಮೇಲೆ ಮೈ ಒಣಗುತ್ತದೆ, ಯೂರಿಕ್ ಆ್ಯಸಿಡ್ ಏರುತ್ತದೆ. ಬಿಂಬುಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿತ್ತಲಿನ ಬಿಂಬುಳಿ ಕಾಯಿಯ ರಸವನ್ನು ಕೊಲೆಸ್ಟ್ರಾಲ್ ಇಳಿಯಲೆಂದು ಲೋಟಗಟ್ಟಲೆ ಕುಡಿದು, ಅದರ ಆಕ್ಸಲೇಟ್‌ನಿಂದ ಕಿಡ್ನಿ ಹಠಾತ್ತನೆ ಕೈಕೊಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಮೀನು ಸಾರಿಗೆ ಎರಡು ಕಾಯಿ ಹಾಕಿದರೆ ಏನೂ ಆಗದು. ರಸ ಹಿಂಡಿ ಕುಡಿಯುವುದು ಬೇಡ.

ಹಾಲು, ಮಜ್ಜಿಗೆ ಬಿಡಬಾರದು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಇದೆ, ಆದ್ದರಿಂದ ಹಾಲು ಬಿಡಿ ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. ಇಟಲಿಯಲ್ಲಿ 120 ಗಂಡಸರನ್ನು ಐದು ವರ್ಷ ನೋಡಿದರು, 2002ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ಬಿಡಿಸಿದ 60 ಜನರಲ್ಲಿ 23 ಜನರಿಗೆ ಮತ್ತೆ ಕಲ್ಲು ಬಂತು. ಹಾಲು ಮೊಸರು ಎಂದಿನಂತೆ ಕೊಟ್ಟು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿಸಿದ 60 ಜನರಲ್ಲಿ 12 ಜನರಿಗೆ ಮಾತ್ರ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕೆಸುವಿನ ಎಲೆಯ ಪತ್ರೊಡೆ, ಬಸಳೆ, ಹರಿವೆ ಇವುಗಳಲ್ಲಿ ಆಕ್ಸಲೇಟ್ ಹೆಚ್ಚು. ಶ್ರಾವಣದಲ್ಲಿ ಪತ್ರೊಡೆ ತಿನ್ನಬೇಡಿ ಎನ್ನಲು ನನಗೂ ಮನಸ್ಸು ಬಾರದು. ತಿಂದ ದಿನ ಜೊತೆಗೆ ಗಟ್ಟಿ ಮಜ್ಜಿಗೆ ಇರಲಿ, ವಾರವಿಡೀ ತಿನ್ನುವುದು ಬೇಡ.

ನಿಮ್ಮ ಮನೆಯಲ್ಲಿ ನಿಜವಾಗಿ ಕಡಿಮೆಯಾಗಬೇಕಾದದ್ದು ಉಪ್ಪು. ಒಣಮೀನು, ಉಪ್ಪಿನಕಾಯಿ, ಗಂಜಿಗೆ ಹಾಕಿಕೊಳ್ಳುವ ಮೇಲುಪ್ಪು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ದಿನಕ್ಕೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಎಂದು ಲೆಕ್ಕ ಇಡಿ. ಕಲ್ಲು ಯೂರಿಕ್ ಆ್ಯಸಿಡಿನದು ಎಂದು ಬಂದರೆ ತಾರ್ಲೆ, ಬಂಗುಡೆ, ಸಿಗಡಿಯನ್ನೂ ಮಿತಗೊಳಿಸಬೇಕಾಗುತ್ತದೆ, ಅದನ್ನು ಆಗ ಮಾತಾಡೋಣ.

ನೋವು ಮುಗಿದ ಮೇಲೆ ನೀರು. ಇದೇ ಇಟಲಿಯವರು 1996ರಲ್ಲಿ, ಮೊದಲ ಸಲ ಕಲ್ಲು ಬಂದ 199 ಜನರ ಐದು ವರ್ಷದ ಲೆಕ್ಕ ಕೊಟ್ಟರು. ದಿನಕ್ಕೆ ಎರಡು ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ, ಎಂದಿನಂತೆ ಇದ್ದವರಲ್ಲಿ 27 ಜನರಿಗೆ ಕಲ್ಲು ಮರಳಿತು. ಗಮನಿಸಿ, ಅಳತೆ ಕುಡಿದ ನೀರಿನದಲ್ಲ, ಹೊರಗೆ ಹೋದ ಮೂತ್ರದ್ದು. ಏಪ್ರಿಲ್ ಬಿಸಿಲಿನಲ್ಲಿ ಬೋಟಿನ ಮೇಲೆ ಕುಡಿದದ್ದರಲ್ಲಿ ದೊಡ್ಡ ಪಾಲು ಬೆವರಾಗಿ ಹೋಗುತ್ತದೆ. ಮೂರು ಲೀಟರ್ ಕುಡಿದೆ ಎನ್ನುವವನ ಮೂತ್ರ ಒಂದು ಲೀಟರೂ ಇರುವುದಿಲ್ಲ. ಒಂದು ಭಾನುವಾರ ಮನೆಯಲ್ಲಿ, ಮುಂದೆ ಒಂದು ದಿನ ಬೋಟಿನಲ್ಲಿ, ಬೆಳಗಿನಿಂದ ಬೆಳಗಿನವರೆಗೆ ಮೂತ್ರವನ್ನು ಲೀಟರ್ ಬಾಟಲಿಯಲ್ಲಿ ಹಿಡಿದು ಅಳೆಯಲಿ. ತನ್ನ ಅಳತೆ ತನಗೆ ತಿಳಿಯುತ್ತದೆ. ಬೋಟಿನ ನೀರಿನ ಡ್ರಮ್ಮಿನ ಜೊತೆ ತಮ್ಮದೇ ಒಂದು ಐದು ಲೀಟರಿನ ಕ್ಯಾನ್ ಇಟ್ಟುಕೊಳ್ಳಲಿ, ರಾತ್ರಿ ಎದ್ದಾಗ ಒಂದು ಲೋಟ ಕುಡಿಯಲಿ. ಲಿಂಬೆ ಹಿಂಡಿದ ನೀರು ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯುತ್ತದೆ. ನಿಮ್ಮಲ್ಲಿ ಭಿರಂಡ ಎನ್ನುವ ಮುರುಗಲಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಅದರದೇ ರೂಪವೊಂದು ಆಕ್ಸಲೇಟ್ ಹರಳನ್ನು ಕರಗಿಸಿದ್ದನ್ನು 2016ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡರು. ಮನುಷ್ಯರ ಕಿಡ್ನಿಯಲ್ಲಿ ಹಾಗಾಗುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ. ಸಕ್ಕರೆ, ಉಪ್ಪು ಹಾಕದೆ ಪಾನಕವಾಗಿ ಕುಡಿಯಲಿ, ಮದ್ದೆಂದು ಸಾಂದ್ರ ಮಾಡಿ ಕುಡಿಯುವುದು ಬೇಡ.

ನಿಮ್ಮ ಪತ್ರದಲ್ಲಿ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆಯ ಫಲಿತಾಂಶ ಇಲ್ಲ. ಮಾಡಿಸಿದ್ದರೆ ಹುಡುಕಿ ನೋಡಿ, ಇಲ್ಲದಿದ್ದರೆ ಈ ವಾರವೇ ಮಾಡಿಸಿ. ಕ್ರಿಯಾಟಿನಿನ್ ಏರಿದ್ದರೆ ಅಥವಾ ಮೂತ್ರದಲ್ಲಿ ಸೋಂಕು ಕಂಡರೆ ನಾಲ್ಕು ವಾರ ಕಾಯುವ ಮೇಲಿನ ಮಾತು ಅನ್ವಯಿಸುವುದಿಲ್ಲ. ಆ ದಿನವೇ ಬರೆದುಕೊಟ್ಟ ವೈದ್ಯರನ್ನು ಕಂಡು ರಿಪೋರ್ಟ್ ತೋರಿಸಿ.